ಕಂಪ್ಯೂಟರ್ ಓದುತ್ತಿದ್ದ ಫೈಲು

ಪುರಸಭೆಯ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಮ್ ಹಾಕಿದ ಮರುದಿನದಿಂದ ಒಂದೊಂದು ಫೈಲು ತೆರೆಯಲೂ ಕಾಲು ಗಂಟೆ ಹಿಡಿಯತೊಡಗಿತು. ಜನನ ಪ್ರಮಾಣಪತ್ರಕ್ಕೆ ಬಂದವರ ಸಾಲು ರಸ್ತೆಗೆ ಇಳಿಯಿತು. ಮುಖ್ಯಾಧಿಕಾರಿ ರುದ್ರಮುನಿಯವರು ಎಲ್ಲರ ಎದುರಿಗೇ ಆಪರೇಟರ್ ಸುಲೋಚನಾಳ ಮೇಲೆ ಹರಿಹಾಯ್ದರು.

“ಹೊಸ ಸಿಸ್ಟಮ್ ಕೊಟ್ರೂ ನಿನಗ ಕೆಲಸ ಬರೂದಿಲ್ಲ. ಸಂಜಿಯೊಳಗ ಸರಿ ಆಗಲಿಲ್ಲಂದ್ರ ನಾಳೆ ಬರಬ್ಯಾಡ!”

ಸುಲೋಚನಾ ಕಾರಣವನ್ನು ಬೆಳಿಗ್ಗೆಯೇ ಕಂಡುಹಿಡಿದಿದ್ದಳು. ಅದನ್ನು ಪೂರ್ತಿ ಬಾಯಿಬಿಟ್ಟು ಹೇಳಲು ಧೈರ್ಯವಿರಲಿಲ್ಲ.

“ಸರ್, ಹೊಸ ಸಿಸ್ಟಮ್ ಡಿಸ್ಕಿನಾಗಿನ ಒಂದೊಂದ ಫೈಲ್ ಓದಿ ಪಟ್ಟಿ ಮಾಡಾಕತ್ತೈತಿ. ಅದಕ್ಕ ತಡ ಆಗೂದು. ಏನು ಓದಾಕತ್ತೈತಿ ಅಂತ ತೋರಸ್ಲೇನ್ರಿ?”

“ನನಗೊಬ್ಬನಿಗೆ ಯಾಕ? ಜನಕ್ಕ ತೋರಸು. ತಪ್ಪು ಯಾರದು ಅಂತ ಗೊತ್ತಾಗ್ಲಿ!”

ಅವಳು ಟೋಕನ್ ನಂಬರ್ ತೋರಿಸುವ ದೊಡ್ಡ ಟಿವಿಗೆ ಆ ಪಟ್ಟಿಯನ್ನು ಹಾಕಿದಳು. ಫೋಟೋಗಳ ಹೆಸರು ಒಂದೊಂದಾಗಿ ಮೂಡಿದವು. ‘ಸಾಹೇಬರಿಗೆ ಶಾಲು ೧೧’. ‘ಸಾಹೇಬರಿಗೆ ಶಾಲು ೧೨’. ‘ಸಾಹೇಬರಿಗೆ ಹಾರ, ಹತ್ತಿರದಿಂದ’. ಕೆಳಗೆ, ‘ಇನ್ನು ಉಳಿದವು ೪೧,೩೦೬’.

ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ನಿಟ್ಟುಸಿರಿಟ್ಟಳು. “ಇವರಿಗೆ ಶಾಲು ಹೊದಿಸಿ ಮುಗಿಯೂದ್ರಾಗ ನನ್ನ ಮೊಮ್ಮಗಳ ಲಗ್ನಾನ ಆಗ್ತೈತಲ್ಲೋ ಯಪ್ಪಾ!”

ಇಡೀ ಸಾಲು ನಕ್ಕಿತು. ರುದ್ರಮುನಿಯವರು ಟಿವಿಯ ವಯರನ್ನು ತಾವೇ ಕಿತ್ತು ಒಳಗೆ ಹೋದರು. ಐದು ನಿಮಿಷದಲ್ಲಿ ಪೆನ್‌ಡ್ರೈವ್ ಹಿಡಿದು ಅವಳ ಮೇಜಿನ ಬಳಿ ಬಂದು, ದನಿ ತಗ್ಗಿಸಿ ಕೇಳಿದರು:

“ಸುಲೋಚನಾ ಅವರ, ಅವನ್ನೆಲ್ಲ ಇದಕ್ಕ ತುಂಬಿಕೊಡ್ತೀರೇನ್ರಿ?”