ಇನಾಸಣ್ಣನ ದಿನ

ಬಹಳ ಹಿಂದೆ, ನಿಮ್ಮ ಅಪ್ಪಂದಿರಿಗೆ ಇನ್ನೂ ಮೀಸೆ ಮೂಡದ ಕಾಲದಲ್ಲಿ, ಕೊಡಗಿನ ಕಲ್ಲುಮೊಟ್ಟೆ ಅನ್ನೋ ಊರಲ್ಲಿ ಇನಾಸಣ್ಣ ಅಂತ ಒಬ್ಬ ಇದ್ದನಂತೆ. ಲಾರಿಗಳ ವೈರಿಂಗ್ ಮಾಡುವವನು. ಮಾತು ಕಮ್ಮಿ, ಕೈ ಚುರುಕು. ಲಾರಿ ದೀಪದ ಗಾಜಿಗೆ ಕೆನ್ನೆಯಿಟ್ಟರೆ ಸಾಕು, ಒಳಗಿನ ತೇವ ಅವನಿಗೆ ತಿಳಿಯುತ್ತಿತ್ತಂತೆ. ನಗಬೇಡಿ, ನಾನು ಕಂಡಿಲ್ಲ, ಕಂಡವರು ಹೇಳಿದ್ದು.

ಅದೇ ಊರಲ್ಲಿ ಬೊಳ್ಳಮ್ಮ ಅಂತ ಒಬ್ಬಾಕೆ. ಗಂಡ ತೀರಿಕೊಂಡಾಗ ಅವಳ ಪಾಲಿಗೆ ಉಳಿದದ್ದು ಐದು ಗೇಮಿನ ಯಂತ್ರಗಳು ಮಾತ್ರ. ಆಳೆತ್ತರದ ಮರದ ಪೆಟ್ಟಿಗೆ, ಎದುರಿಗೆ ಟಿವಿಯ ಹಾಗೆ ಗಾಜು, ನಾಣ್ಯ ಹಾಕಿದರೆ ಆಟ. ಆ ವರ್ಷದ ಮಳೆಗೆ ಅವಳ ಅಂಗಡಿಯ ಹೆಂಚಿನ ಮಾಡು ಕುಸಿಯಿತು. ಅದು ರಿಪೇರಿಯಾಗುವವರೆಗೆ ಐದನ್ನೂ ಇನಾಸಣ್ಣನ ಗ್ಯಾರೇಜಿಗೆ ಸಾಗಿಸಿದರು. ಇವು ಹಾಳಾದರೆ ನಾನು ಬೀದಿಗೆ ಬಂದಂತೆ ಅಂತ ಬೊಳ್ಳಮ್ಮ ಹೇಳಿ ಹೋದಳಂತೆ.

ಗ್ಯಾರೇಜೋ, ಮೇಲೆ ತಗಡು, ಕೆಳಗೆ ಸಿಮೆಂಟು. ಬೆಳಿಗ್ಗೆ ಸ್ಪ್ಯಾನರ್ ಮುಟ್ಟಿದರೆ ಬೆರಳು ಸೆಟೆಯುವಷ್ಟು ಚಳಿ. ಇನಾಸಣ್ಣ ಯಂತ್ರಗಳನ್ನು ಹಲಗೆಗಳ ಮೇಲೆ ನಿಲ್ಲಿಸಿದ. ಇಲಿ ನುಗ್ಗುವ ತೂತುಗಳಿಗೆ ತಂತಿಬಲೆ ಹೊಡೆದ. ಪ್ಲಾಸ್ಟಿಕ್ ಹೊದಿಸಿದರೆ ತೇವ ಒಳಗೇ ನಿಲ್ಲುತ್ತದೆ ಅಂತ ಮನೆಯ ಕಂಬಳಿಗಳನ್ನೇ ತಂದು ಹೊದಿಸಿದ. ಅವನ ಹೆಂಡತಿ ಆ ಚಳಿಯೆಲ್ಲ ಹಳೇ ಸೀರೆ ಹೊದ್ದು ಕಳೆದಳಂತೆ. ಅವಳು ಬೈದದ್ದನ್ನು ಮಾತ್ರ ಯಾರೂ ಪೂರ್ತಿ ಹೇಳುವುದಿಲ್ಲ.

ಕ್ರಿಸ್‌ಮಸ್ ರಜೆ ಬಂತು, ಮಾಡೂ ಸರಿಯಾಯಿತು. ಒಂದು ಬೆಳಿಗ್ಗೆ ಯಂತ್ರಗಳನ್ನು ಅಂಗಡಿಗೆ ತಂದರು. ಪಕ್ಕದ ಗೋಡೆಗೇ ಬೇಕರಿಯ ಒಲೆ, ಅಂಗಡಿ ಬೆಚ್ಚಗಿತ್ತು. ಬಾಗಿಲಲ್ಲಿ ಮಕ್ಕಳ ಗಲಾಟೆ. ಬೊಳ್ಳಮ್ಮನ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗು. ಆ ನಗು ನೋಡಿ ಇನಾಸಣ್ಣ ಮೈಮರೆತ, ಗಾಜು ಮುಟ್ಟಿಯೂ ನೋಡದೆ ಮೊದಲನೇ ಯಂತ್ರದ ಸ್ವಿಚ್ ಹಾಕಿಯೇಬಿಟ್ಟ. ಟಪ್ ಅಂತ ಸದ್ದು, ಸುಟ್ಟ ವಾಸನೆ, ಅಷ್ಟೇ. ಚಳಿಯಿಂದ ಬಂದದ್ದು ಬಿಸಿಗೆ ಒಳಗೊಳಗೇ ಬೆವರಿತ್ತು. ಅಷ್ಟು ತಿಂಗಳು ಕಾದವನ ಕೈಯಿಂದಲೇ ಅದು ಸತ್ತಿತು.

ಅವನು ಎರಡನೆಯದರ ಗಾಜಿಗೆ ಕೆನ್ನೆಯಿಟ್ಟ. ಆಮೇಲೆ ಮೆಯಿನ್ ಸ್ವಿಚ್ಚಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟ.

"ಬೊಳ್ಳಮ್ಮಕ್ಕ, ಇವತ್ತು ಬೇಡ. ಒಂದು ದಿನ ಬಿಡಿ, ಒಳಗಿನ ಬೆವರು ಆರಲಿ," ಅಂದ.

"ಒಂದನ್ನ ಸುಟ್ಟಿದ್ದು ಸಾಲದಾ ಇನಾಸ? ಮಕ್ಕಳು ಮೇಲಿನ ಪೇಟೆಯ ಗೇಮಿನ ಅಂಗಡಿಗೆ ಹೋದ್ರೆ ತಿರುಗಿ ಬರ್ತಾರಾ?"

ಅತ್ತಳಂತೆ, ಬೈದಳಂತೆ. ಅವನು ತಪ್ಪು ತನ್ನದೇ ಅಂತ ಒಪ್ಪಿಕೊಂಡ, ಏಳಲು ಮಾತ್ರ ಒಪ್ಪಲಿಲ್ಲ. ಮಕ್ಕಳು ಗೊಣಗುತ್ತಾ ಹೊರಟೇಹೋದರು.

ಮರುದಿನ ನಾಲ್ಕೂ ಯಂತ್ರ ಝಗ್ ಅಂತ ಬೆಳಗಿದವಂತೆ. ಮಕ್ಕಳೂ ಬಂದರು, ಅವರ ಕೋಪಕ್ಕೆ ಆಯಸ್ಸೆಷ್ಟು! ಆ ನಾಲ್ಕರ ಮೇಲೆಯೇ ಬೊಳ್ಳಮ್ಮ ಬದುಕು ಕಟ್ಟಿಕೊಂಡಳು. ಸತ್ತದ್ದನ್ನು ಇನಾಸಣ್ಣ ಗ್ಯಾರೇಜಿಗೆ ವಾಪಸು ಒಯ್ದು, ತಾನು ಇರುವವರೆಗೂ ಕಂಬಳಿ ಹೊದಿಸಿಟ್ಟಿದ್ದನಂತೆ. ಅದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇವತ್ತಿಗೂ ಕಲ್ಲುಮೊಟ್ಟೆಯಲ್ಲಿ ಹೊಸ ಟಿವಿ, ಫ್ರಿಜ್ಜು ತಂದರೆ ಆ ದಿನ ಸ್ವಿಚ್ ಹಾಕುವುದಿಲ್ಲ. ಅದು ಇನಾಸಣ್ಣನ ದಿನ. ಗಂಡನ ಮನೆ ಬಿಟ್ಟು ಬಂದ ಮಗಳಿಗೂ, ಜೈಲಿಂದ ಬಂದ ತಮ್ಮನಿಗೂ ಆ ಊರವರು ಅದೇ ಒಂದು ದಿನ ಕೊಡುತ್ತಾರೆ. ಯಾಕೆ, ಏನಾಯಿತು ಅಂತ ಯಾರೂ ಕೇಳುವುದಿಲ್ಲ. ಬಿಸಿ ಕಾಫಿ ಕೈಗಿಟ್ಟು, ಪಕ್ಕದಲ್ಲಿ ಸುಮ್ಮನೆ ಕೂರುತ್ತಾರೆ.