ಬೀಜವಿಲ್ಲದ ಗಂಡುಹಂದಿ

ನಾನು ಮೊದಲ ಸಲ ಎದ್ದುಹೋದದ್ದು ಒಂದು ಗುರುವಾರ. ಅಂದು ಶಾಲೆಯಲ್ಲಿ ಹದಿನೇಳರ ಮಗ್ಗಿ ಒಪ್ಪಿಸಬೇಕಿತ್ತು. ಮಾಸ್ತರರು ನನ್ನ ಹೆಸರು ಕೂಗುವ ಹೊತ್ತಿಗೆ ನಾನು ಊರ ಹಳ್ಳ ದಾಟಿದ್ದೆ. ಮರಳಿ ಶಾಲೆಯ ಮುಖ ನೋಡಲಿಲ್ಲ. ಆಮೇಲೆ ಹೋಗುವುದೇ ಕಸುಬಾಯಿತು. ಲಾರಿಯಲ್ಲಿ ಕ್ಲೀನರ್ ಆದೆ, ಇಟ್ಟಿಗೆ ಭಟ್ಟಿಯಲ್ಲಿ ಮಣ್ಣು ತುಳಿದೆ, ಕಸ್ತೂರೆವ್ವನನ್ನು ಮದುವೆಯಾದೆ. ಆದರೂ ಕಾಲು ನಿಲ್ಲಲಿಲ್ಲ.

ಈ ಸಲ ಬಂದು ಬಿದ್ದದ್ದು ಹೊಳೆದಂಡೆಯ ಒಂದು ಸಣ್ಣ ಮಠದಲ್ಲಿ. ಅಲ್ಲಿಯ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಾರೆ. ಸೌದೆ ಒಡೆಯುವುದು ನನ್ನ ಪಾಲಿಗೆ ಬಂದ ಸೇವೆ. ಒಂದು ಬೆಳಿಗ್ಗೆ ಕೊಡಲಿ ಕೆಳಗಿಟ್ಟು ಕೇಳಿದೆ.

“ಅಜ್ಜಾರೆ, ಬೀಜವೇ ಇಲ್ಲದ ಗಂಡಸಿಗೆ ಹುಟ್ಟುವ ಕೂಸಿನಲ್ಲಿ ಪಾಲೇನು?”

ಅಜ್ಜಾರು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. “ಯಾರ ಮಾತು?”

“ನನ್ನದೇ. ವೀರ್ಯ ಐತಿ, ಅದರಾಗ ಬೀಜ ಇಲ್ಲ ಅಂದಳು ಡಾಕ್ಟರಮ್ಮ. ಬ್ಯಾರೆ ಯಾರದೋ ಬೀಜ ತಂದು ಕಸ್ತೂರೆವ್ವನ ಗರ್ಭಕ್ಕೆ ಹಾಕತಾರಂತ. ಇಬ್ಬರೂ ಒಪ್ಪಿದ್ದೆವು. ಹಾಕುವ ದಿನ ಹತ್ತಿರ ಬಂತು, ನಾನು ಎದ್ದು ಬಂದೆ. ನಿನ್ನೆ ಫೋನಿನಾಗ ಕಸ್ತೂರೆವ್ವ ಅಂದಳು, ನೀ ಬಂದರ ದವಾಖಾನಿಗೆ ಹೋಗತೀನಿ, ಬರದಿದ್ದರ ಕೂಸೂ ಬ್ಯಾಡ ಏನೂ ಬ್ಯಾಡ ಅಂತ. ಬೀಜ ಅವನದು, ಒಡಲು ಆಕೀದು. ನಡುವೆ ನಾನು ಯಾರು? ಛತ್ರಿ ಹಿಡಿಯುವವನಾ?”

“ಛತ್ರಿಯಾದರೂ ಹಿಡಿದಿದ್ದರೆ ಆಗುತ್ತಿತ್ತು” ಎಂದರು ಅಜ್ಜಾರು. “ಕೂತುಕೋ. ಹಂದಿಯ ಕತೆ ಹೇಳುತ್ತೇನೆ. ಮಠದಲ್ಲಿ ಹಂದಿಯೇ ಎಂದು ಮುಖ ಸಿಂಡರಿಸಬೇಡ.”

ಒಬ್ಬ ರೈತ ಹಂದಿ ಸಾಕುತ್ತಿದ್ದ. ಅವನಿಗೆ ಒಂದೇ ಗಂಡುಹಂದಿ. ಒಂದು ವರ್ಷ ಅದಕ್ಕೆ ಕೆಟ್ಟ ಜ್ವರ ಬಂತು. ಜ್ವರ ಇಳಿಯಿತು, ಬೀಜ ಬತ್ತಿತು. ಹೆಣ್ಣಿನ ಮೇಲೆ ಏರುತ್ತಿತ್ತು, ದ್ರವವನ್ನೂ ಬಿಡುತ್ತಿತ್ತು, ಯಾವ ಹೆಣ್ಣಿಗೂ ಬಸಿರು ನಿಲ್ಲುತ್ತಿರಲಿಲ್ಲ.

ಆಗ ಒಬ್ಬ ವ್ಯಾಪಾರಿ ಬಂದ. ದೂರದ ಜಾತಿಹಂದಿಯ ಬೀಜವನ್ನು ಸೀಸೆಯಲ್ಲಿ ತಂದಿದ್ದ. ದಾರಿಯಲ್ಲಿ ಕೆಡದಿರಲೆಂದು ದ್ರವವನ್ನೆಲ್ಲ ಬಸಿದು ಚೆಲ್ಲಿ, ಬೀಜವನ್ನಷ್ಟೇ ಉಳಿಸಿಕೊಂಡಿದ್ದ. ರೈತನಿಗೆ ಸಂತೋಷವಾಯಿತು. ಆದರೆ ಒಂದು ಭಯ ಹುಟ್ಟಿತು. ಬರಡು ಹಂದಿಯ ನೀರು ಬಿದ್ದರೆ ಒಳ್ಳೆಯ ಬೀಜ ಕೆಟ್ಟೀತು ಎಂದುಕೊಂಡ. ಕೊಟ್ಟಿಗೆಯ ಆಚೆ ಮುಳ್ಳಿನ ಬೇಲಿ ಹಾಕಿ ಗಂಡುಹಂದಿಯನ್ನು ಕೂಡಿಹಾಕಿದ.

ಹೆಣ್ಣುಹಂದಿಗೆ ವ್ಯಾಪಾರಿಯ ಬೀಜ ಹಾಕಿಸಿದ. ಬೀಜ ಚಿಗುರಿತು, ಒಡಲು ಹಿಡಿಯಲಿಲ್ಲ. ಹೆಣ್ಣು ಮತ್ತೆ ಬೆದೆಗೆ ಬಂತು. ಇನ್ನೊಂದು ಸಲ ಹಾಕಿಸಿದಾಗ ಬಸಿರೇನೋ ನಿಂತಿತು, ಹುಟ್ಟಿದ್ದು ಎರಡೇ ಬಡಕಲು ಮರಿ. ರೈತ ಗಂಡುಹಂದಿಗೆ ಬೈದ. ದೂರ ನಿಂತೇ ದೃಷ್ಟಿ ಹಾಕುತ್ತೀಯಲ್ಲೋ ಎಂದ.

ಮುಂದಿನ ಬೆದೆಯಲ್ಲಿ ಗಂಡುಹಂದಿ ಬೇಲಿ ಮುರಿಯಿತು. ಮೈಯೆಲ್ಲ ಮುಳ್ಳು ಗೀರಿಕೊಂಡು ಒಳಗೆ ನುಗ್ಗಿ ಹೆಣ್ಣನ್ನು ಕೂಡಿತು. ಅದರ ಹಿಂದೆಯೇ ವ್ಯಾಪಾರಿ ಬಂದ. ಈ ಸಲ ಎಲ್ಲ ಹಾಳಾಯಿತು ಎಂದ ರೈತ. ಬಂದದ್ದು ಬಂದಿದ್ದೇನೆ, ಹಾಕಿಯೇ ಹೋಗುತ್ತೇನೆ ಎಂದ ವ್ಯಾಪಾರಿ.

ಬಸಿರು ನಿಂತಿತು. ದಿನ ತುಂಬಿ ಈಯಿತು. ತಾಯಿಯ ಮೊಲೆಗಳ ಸಾಲಿನಲ್ಲಿ ಒಂದೂ ಖಾಲಿ ಉಳಿಯದಷ್ಟು ಮರಿಗಳು.

ರೈತ ವ್ಯಾಪಾರಿಯನ್ನು ಕರೆಸಿದ. “ಇದೇನು ಮಾಯೆ?”

ವ್ಯಾಪಾರಿ ಮರಿಗಳನ್ನು ಒಂದೊಂದಾಗಿ ಎಣಿಸಿದ. ಆಮೇಲೆ ಹೇಳಿದ. “ಕಾಲಿಗೆ ಮುಳ್ಳು ಹೊಕ್ಕರೆ ಮೈ ಏನು ಮಾಡುತ್ತದೆ? ಬಾತು, ಕೀವಾಗಿ, ಹೊರಗೆ ನೂಕುತ್ತದೆ. ಗಂಡಿನ ಅಂಶ ಬೆರೆತ ಭ್ರೂಣವೂ ತಾಯಿಯ ಮೈಗೆ ಅರ್ಧ ಹೊರಗಿನದೇ. ಅದನ್ನು ನೂಕಬೇಡ, ಹಾಸಿಗೆ ಹಾಸು ಎಂದು ಒಡಲಿನ ಕಾವಲಿಗೆ ಮುಂಚೆಯೇ ಯಾರೋ ಹೇಳಿರಬೇಕು. ಹೇಳುವುದು ಆ ದ್ರವ. ಅದು ಬೀಜವನ್ನು ಹೊರುವ ಬರೀ ನೀರೆಂದು ತಿಳಿದು ನಾನು ಚೆಲ್ಲುತ್ತಿದ್ದೆ. ಬೀಜ ನನ್ನ ಸೀಸೆಯದು. ಬಸಿರು ನಿಲ್ಲಿಸಿದ್ದು ನಿನ್ನ ಹಂದಿ.”

ಅಂದಿನಿಂದ ರೈತ ಬೇಲಿ ಹಾಕಲಿಲ್ಲ.

ಅಜ್ಜಾರು ಕತೆ ನಿಲ್ಲಿಸಿ ಅಕ್ಕಿ ಕೇರತೊಡಗಿದರು. ನನಗೆ ಸಮಾಧಾನವಾಗಲಿಲ್ಲ.

“ಹಂದಿಗೆ ಸಂದ ಮಾತು ಮನುಷ್ಯನಿಗೂ ಸಲ್ಲತೈತೇನು ಅಜ್ಜಾರೆ?”

“ಅದನ್ನು ನಿಮ್ಮ ಡಾಕ್ಟರಮ್ಮನನ್ನು ಕೇಳಬೇಕು. ನಾನು ಕತೆ ಹೇಳುವವನು. ಕೇಳುವುದಕ್ಕಾದರೂ ಆ ಊರಿಗೆ ಹೋಗಬೇಕಲ್ಲ.”

“ಕೇಳಿದೆ ಅಂತ ತಿಳೀರಿ. ಆಕಿ ಇಲ್ಲ ಅಂದರ? ಹಂದಿಯಷ್ಟೂ ಪಾಲು ನನಗಿಲ್ಲ ಅಂದರ?”

ಅಜ್ಜಾರು ಮೊರವನ್ನು ಕೆಳಗಿಟ್ಟರು. ಮೊದಲ ಸಲ ನನ್ನನ್ನು ನೇರ ನೋಡಿದರು.

“ತನಗೆಷ್ಟು ಪಾಲು ಎಂದು ಕೇಳದೆ ಆ ಹಂದಿ ಬೇಲಿ ಮುರಿದು ಒಳಗೆ ಹೋಯಿತು, ಮಾನಪ್ಪ, ನೀನು ಬೇಲಿಯೇ ಇಲ್ಲದ ಮನೆಯಿಂದ ಹೊರಗೆ ಹಾರಿದೆ.”

ಉಳಿದ ಸೌದೆ ಒಡೆದು ಒಲೆಯ ಪಕ್ಕ ಒಟ್ಟಿದೆ. ಒಗೆದು ಹಾಕಿದ್ದ ಅಂಗಿ ಇನ್ನೂ ಹಸಿಯಿತ್ತು. ಹಾಗೆಯೇ ಮಡಚಿ ಚೀಲಕ್ಕೆ ತುರುಕಿ, ಮನೆ ಕಡೆಯ ಮಧ್ಯಾಹ್ನದ ಬಸ್ಸಿಗೆಂದು ಚೀಲದ ಬಾಯಿ ಕಟ್ಟಿದೆ.