ಮುಳ್ಳುಹಂದಿ ಆಡದೆ ಹೋದ ಆಟ

ಹುತ್ತದ ಪಕ್ಕದ ಬಯಲಿನಲ್ಲಿ ಮುದಿ ಮುಳ್ಳುಹಂದಿಯೊಂದು ಪ್ರತಿ ಸಂಜೆ ಕಥೆಯಾಟ ನಡೆಸುತ್ತಿತ್ತು. "ನೀವು ಗುಹೆಯ ಬಾಯಲ್ಲಿದ್ದೀರಿ, ಒಳಗೆ ಏನೋ ಗುರುಗುಟ್ಟುತ್ತಿದೆ. ಏನು ಮಾಡುತ್ತೀರಿ?" ಎಂದು ಅದು ಕೇಳುತ್ತಿತ್ತು. ಮೊಲ, ಮುಂಗುಸಿ, ಆಮೆ ಕಥೆಯೊಳಗಿನ ವೀರರಾಗಿ ಉತ್ತರಿಸಿ, ಗೆದ್ದೆವೋ ಸೋತೆವೋ ತಿಳಿಯಲು ದಾಳ ಉರುಳಿಸುತ್ತಿದ್ದವು.

ಒಂದು ದಿನ ಮುಳ್ಳುಹಂದಿ ಹೇಳಿತು: "ನನಗೆ ಉಸಿರು ಸಾಲುತ್ತಿಲ್ಲ. ಒಮ್ಮೆಯಾದರೂ ನಾನು ವೀರನಾಗಿ ಆಡಬೇಕು. ಈ ಸಂಜೆ ನಿಮ್ಮಲ್ಲೊಬ್ಬರು ಆಟ ನಡೆಸಿ."

"ನಿಯಮಗಳೆಲ್ಲ ನನಗೆ ನೆನಪಿರುವುದಿಲ್ಲ ಅಜ್ಜ," ಎಂದಿತು ಮುಂಗುಸಿ. "ನಾನು ನಿಧಾನ, ಎಲ್ಲರಿಗೂ ಬೇಸರವಾದೀತು," ಎಂದಿತು ಆಮೆ. "ನಿಮ್ಮಷ್ಟು ಚೆನ್ನಾಗಿ ನನ್ನಿಂದಾಗದು," ಎಂದಿತು ಮೊಲ.

"ನಾನೂ ದಿನಾ ತಪ್ಪು ಮಾಡುತ್ತೇನೆ," ಎಂದಿತು ಮುಳ್ಳುಹಂದಿ. "ಆಟದಲ್ಲಿ ಮುಳುಗಿದ ನಿಮಗೆ ಅದು ಗೊತ್ತಾಗುವುದಿಲ್ಲ, ಅಷ್ಟೇ."

ಆದರೂ ಯಾರೂ ಮುಂದೆ ಬರಲಿಲ್ಲ. ಮುಳ್ಳುಹಂದಿ ಏದುಸಿರು ಬಿಡುತ್ತಲೇ ಆ ಸಂಜೆಯ ಆಟವನ್ನೂ ತಾನೇ ನಡೆಸಿತು. ಮೂರನೆಯ ದಿನ ಸತ್ತುಹೋಯಿತು.

ಎಷ್ಟೋ ಸಂಜೆ ಆ ಮೂರೂ ಆಟವಿಲ್ಲದೆ ಕುಳಿತು ಎದ್ದುಹೋದವು. ಕೊನೆಗೆ ತಡೆಯಲಾರದೆ ಮೊಲ ತೊದಲುತ್ತ ಒಂದು ನದಿಯ ಕಥೆ ಶುರುಮಾಡಿತು. ನಡುವೆ ದೋಣಿಯವನ ಹೆಸರನ್ನೇ ಮರೆತು ಬೇರೆ ಹೆಸರು ಹೇಳಿತು. ಅದನ್ನು ಯಾರೂ ಗಮನಿಸಲಿಲ್ಲ, ಮುಂಗುಸಿ ಆಗಲೇ ಕಥೆಯ ನದಿಗೆ ಧುಮುಕಿಬಿಟ್ಟಿತ್ತು.

ಆಟ ಮುಗಿದಾಗ ಆಮೆ, "ಚೆನ್ನಾಗಿತ್ತಲ್ಲ!" ಎಂದಿತು.

ಮೊಲ ತಲೆ ಎತ್ತಲಿಲ್ಲ. "ಇಷ್ಟನ್ನು ನಾನು ಅವತ್ತೂ ಮಾಡಬಹುದಿತ್ತು," ಎಂದು ಬಿಕ್ಕಿತು.